ಕರ್ಜತ್‌ಗೆ ಹೋದರೆ ರೈಲಿನ ಬಾಲದ ಕಡೆ ನಿಲ್ಲಿ

ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರಿಗೆ ಕರ್ಜತ್ ಅಂದರೆ ವಡಾಪಾವ್. ರೈಲು ನಿಲ್ಲುತ್ತದೆ, ಕಿಟಕಿ ಹತ್ತಿರ ಬಿಸಿ ವಡೆಯ ವಾಸನೆ ಬರುತ್ತದೆ, ಚಿಲ್ಲರೆ ಹುಡುಕುವಷ್ಟರಲ್ಲಿ ಬೋಗಿಗೆ ಹಿಂದಿನಿಂದ ಯಾರೋ ಭುಜ ಕೊಟ್ಟ ಹಾಗೆ ಒಂದು ಸಣ್ಣ ಕುಲುಕು. ಮುಂದಿನ ಘಟ್ಟ ಹತ್ತಲು ರೈಲಿನ ಬಾಲಕ್ಕೆ ಇನ್ನಷ್ಟು ಇಂಜಿನ್ ಜೋಡಿಸುವಾಗಿನ ಕುಲುಕು ಅದು. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಆ ಒಂದು ಕುಲುಕನ್ನು ನೋಡುವುದಕ್ಕೇ ಕ್ಯಾಮೆರಾ ಹಿಡಿದುಕೊಂಡು ಈ ಊರಿಗೆ ಬರುವವರಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಕರ್ಜತ್ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಸಣ್ಣ ಊರು. ಮುಂಬಯಿ ಸಿಎಸ್‌ಎಂಟಿಯಿಂದ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣದಿಂದ, ಹಳಿಯ ಮೇಲೆ ಸುಮಾರು 100 ಕಿಲೋಮೀಟರ್. ದಿನಾ ಬೆಳಗ್ಗೆ ಇಲ್ಲಿಂದ ಲೋಕಲ್ ಹತ್ತಿ ಮುಂಬಯಿಗೆ ಕೆಲಸಕ್ಕೆ ಹೋಗುವವರು ಸಾಕಷ್ಟಿದ್ದಾರೆ. ಊರು ಮುಗಿದ ಕೂಡಲೇ ಭೋರ್ ಘಾಟ್ ಶುರು. ಅಲ್ಲಿಂದ ಲೋಣಾವಳಾವರೆಗೆ 28 ಕಿಲೋಮೀಟರ್ ಏರು, ಸುರಂಗ, ತಿರುವು. ಒಂದು ಕಡೆ ಲೋಕಲ್‌ನ ನಿತ್ಯದ ಗಡಿಬಿಡಿ, ಇನ್ನೊಂದು ಕಡೆ ಘಟ್ಟ ಹತ್ತಲು ಉಸಿರು ಕಟ್ಟಿ ನಿಂತ ದೂರದ ರೈಲು. ಎರಡೂ ಒಂದೇ ನಿಲ್ದಾಣದಲ್ಲಿ ಸಿಗುವ ಜಾಗ ನಮ್ಮ ದೇಶದಲ್ಲಿ ಜಾಸ್ತಿ ಇಲ್ಲ.

ಘಟ್ಟದ ರೈಲು ನಮಗೆ ಹೊಸದೇನಲ್ಲ, ಅಲ್ವಾ? ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಇದೆ, ಕ್ಯಾಸಲ್‌ರಾಕ್–ಕುಳೆಂ ಇದೆ. ಆದರೆ ಅಲ್ಲೆಲ್ಲ ರೈಲುಗಳು ಕಡಿಮೆ, ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಕರ್ಜತ್‌ನಲ್ಲಿ ಹಾಗಿಲ್ಲ. ಲೋಕಲ್ ಹತ್ತಿ ಬಂದು, ಪ್ಲಾಟ್‌ಫಾರಂ ಟಿಕೆಟ್ ಜೇಬಲ್ಲಿಟ್ಟುಕೊಂಡು, ಬೆಂಚಿನ ಮೇಲೆ ಕೂತು ನೋಡಬಹುದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೂ ತೊಂದರೆಯಿಲ್ಲ.

ಮೊದಲು ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಂದರೆ ಹವೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಬುಡದ ಸೆಕೆ ಮೈ ಬೇಯಿಸುತ್ತದೆ. ಮಳೆಗಾಲ ಬೇರೆಯೇ ಲೋಕ. ಬೆಟ್ಟದ ಮೇಲೆಲ್ಲ ಬಿಳಿ ಗೆರೆ ಎಳೆದ ಹಾಗೆ ಜಲಪಾತ, ಮಂಜಿನೊಳಗಿಂದ ಇಂಜಿನ್ನಿನ ದೀಪ. ನನ್ನನ್ನು ಕೇಳಿದರೆ ಜುಲೈ ತಿಂಗಳೇ ಚೆಂದ. ಆದರೆ ಜೋರು ಮಳೆಗೆ ಘಟ್ಟದಲ್ಲಿ ಕಲ್ಲು ಮಣ್ಣು ಕುಸಿಯುತ್ತದೆ, ರೈಲು ರದ್ದಾಗುತ್ತದೆ, ಲೋಕಲ್ ಕೂಡ ನಿಲ್ಲುತ್ತದೆ. ಹೊರಡುವ ಮುಂಚೆ ಬೆಳಗಿನ ಸುದ್ದಿ ನೋಡಿಕೊಳ್ಳಿ. ವಾರದ ಕೊನೆಯ ಎರಡು ದಿನ ಟ್ರೆಕ್ಕಿಂಗ್‌ಗೆ ಹೋಗುವವರೂ ಇದೇ ಲೋಕಲ್‌ನಲ್ಲಿ ತುಂಬಿರುತ್ತಾರೆ. ಮಂಗಳವಾರ, ಬುಧವಾರ ಆರಾಮ.

ಹೊತ್ತಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಬೆಳಗ್ಗೆ ಮುಂಬಯಿ ಬಿಡುವ ಪುಣೆ ಕಡೆಯ ರೈಲುಗಳು ಹೆಚ್ಚು ಕಡಿಮೆ ಎರಡು ಗಂಟೆಯೊಳಗೆ ಕರ್ಜತ್ ಮುಟ್ಟುತ್ತವೆ. ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿ ಬಿಡುವುದು ಬೆಳಗ್ಗೆ 8:10ಕ್ಕೆ. ಅಂದರೆ ಇಲ್ಲಿಗೆ ಬರುವುದು ಹತ್ತರ ಆಸುಪಾಸಿನಲ್ಲಿ. ಅದರ ಹಿಂದೆಯೇ ಕೊಯ್ನಾ ಎಕ್ಸ್‌ಪ್ರೆಸ್ ಇರುತ್ತದೆ. ಇದೇ ಹೊತ್ತಿನಲ್ಲಿ ಪುಣೆ ಕಡೆಯಿಂದ ಘಟ್ಟ ಇಳಿದು ಬರುವ ರೈಲುಗಳೂ ಸಿಗುತ್ತವೆ. ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆಲ್ಲ ಕರ್ಜತ್‌ನಲ್ಲಿದ್ದರೆ ಮಧ್ಯಾಹ್ನದೊಳಗೆ ಹೊಟ್ಟೆ ತುಂಬುವಷ್ಟು ನೋಡಬಹುದು. ದಾದರ್‌ನಿಂದ ಮೈಸೂರಿಗೆ ಹೋಗುವ ಶರಾವತಿ, ಅದೇ ದಾದರ್‌ನ ಚಾಲುಕ್ಯ ಎಕ್ಸ್‌ಪ್ರೆಸ್ ಇವೆಲ್ಲ ರಾತ್ರಿ ಪಾಳಿ. ಹೆಸರು ಕೇಳಿದರೆ ಊರಿನ ನೆನಪಾಗುತ್ತದೆ ನಿಜ, ಫೋಟೋ ಮಾತ್ರ ಬರುವುದಿಲ್ಲ.

ವೇಳಾಪಟ್ಟಿ ಬದಲಾಗುತ್ತಿರುತ್ತದೆ. ರೈಲ್ವೆಯದೇ ಎನ್‌ಟಿಇಎಸ್ ಆ್ಯಪ್ ಫೋನಿನಲ್ಲಿ ಹಾಕಿಕೊಳ್ಳಿ. ಯಾವ ರೈಲು ಈಗ ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಒಂದು ವಿಷಯ ನೆನಪಿರಲಿ. ಪ್ರಯಾಣಿಕರ ವೇಳಾಪಟ್ಟಿಯಲ್ಲಿ ಕರ್ಜತ್ ನಿಲುಗಡೆ ತೋರಿಸದ ರೈಲು ಕೂಡ ಹಿಂದಿನ ಇಂಜಿನ್ ಜೋಡಿಸಿಕೊಳ್ಳಲು ಇಲ್ಲಿ ನಿಲ್ಲಬಹುದು. ಪಟ್ಟಿಯಲ್ಲಿ ಇಲ್ಲ ಅಂತ ಬಿಟ್ಟು ಹೋಗಬೇಡಿ.

ಲೋಕಲ್ ಹತ್ತುವಾಗ ಅಕ್ಷರ ನೋಡಿ

ಸಿಎಸ್‌ಎಂಟಿ, ದಾದರ್ ಅಥವಾ ಠಾಣೆಯಲ್ಲಿ ಸೆಂಟ್ರಲ್ ಲೈನಿನ ಲೋಕಲ್ ಹಿಡಿಯಬೇಕು. ಬೋರ್ಡಿನಲ್ಲಿ ಇಂಗ್ಲಿಷಿನ 'ಎಸ್' ಅಕ್ಷರ ಇದ್ದರೆ ಕರ್ಜತ್. 'ಎನ್' ಇದ್ದರೆ ಕಸಾರಾ. ಕಲ್ಯಾಣದವರೆಗೆ ಎರಡೂ ಒಂದೇ ದಾರಿ, ಅಲ್ಲಿಂದ ಕವಲೊಡೆಯುತ್ತವೆ. ನಾನು ಮೊದಲ ಸಲ ಫೋನ್ ನೋಡುತ್ತಾ ಕೂತು, ಕಸಾರಾ ಲೋಕಲ್‌ನಲ್ಲಿ ಟಿಟ್ವಾಳಾವರೆಗೂ ಹೋಗಿದ್ದೆ. ಪಕ್ಕದ ಅಜ್ಜ ಒಬ್ಬರು ನಕ್ಕು, 'ಉತರಾ, ಉತರಾ' ಅಂತ ಇಳಿಸಿದರು. 'ಕೆಪಿ' ಅಂತಿದ್ದರೆ ಖೋಪೋಲಿ ಲೋಕಲ್, ಅದೂ ಕರ್ಜತ್ ಮೂಲಕವೇ ಹೋಗುತ್ತದೆ, ಹತ್ತಿ. ಬದ್ಲಾಪುರ, ಅಂಬರನಾಥ ಲೋಕಲ್‌ಗಳು ಅರ್ಧ ದಾರಿಯಲ್ಲೇ ಮುಗಿಯುತ್ತವೆ.

ಸಿಎಸ್‌ಎಂಟಿಯಿಂದ ಸುಮಾರು ಎರಡು ಗಂಟೆಯ ದಾರಿ. ಫಾಸ್ಟ್ ಆದರೂ ಕಲ್ಯಾಣ ದಾಟಿದ ಮೇಲೆ ಎಲ್ಲ ಕಡೆ ನಿಲ್ಲುತ್ತದೆ. ಕರ್ಜತ್ ಲೋಕಲ್‌ಗಳು ಕಲ್ಯಾಣದ ಲೋಕಲ್‌ಗಳಷ್ಟು ಒಂದರ ಹಿಂದೆ ಒಂದು ಇರುವುದಿಲ್ಲ. ಹೋಗುವ ಲೋಕಲ್ ಜೊತೆಗೆ ವಾಪಸ್ ಬರುವ ಎರಡು ಲೋಕಲ್‌ಗಳ ಸಮಯವನ್ನೂ ಬರೆದಿಟ್ಟುಕೊಳ್ಳಿ.

ಮುಂಬಯಿ ಲೋಕಲ್ ಅಂದರೆ ಹೆದರುವವರಿಗೆ ಒಂದು ಸಮಾಧಾನ. ಬೆಳಗ್ಗೆ ಇಡೀ ಜನ ಮುಂಬಯಿ ಕಡೆ ನುಗ್ಗುತ್ತಾರೆ, ನೀವು ಮುಂಬಯಿ ಬಿಟ್ಟು ಹೊರಗೆ ಹೋಗುತ್ತೀರಿ. ಸಂಜೆ ಅವರು ವಾಪಸ್ ಬರುವಾಗ ನೀವು ಎದುರು ದಿಕ್ಕಿನಲ್ಲಿ ಹೋಗುತ್ತೀರಿ. ಎರಡು ಸಲವೂ ಕೂರಲು ಸೀಟು ಸಿಗುವ ಸಾಧ್ಯತೆ ಜಾಸ್ತಿ. ಪುಣೆ ಕಡೆಯಿಂದ ಬರುವವರು ಮಾತ್ರ ತಮ್ಮ ರೈಲಿಗೆ ಕರ್ಜತ್‌ನಲ್ಲಿ ಇಳಿಯುವ ನಿಲುಗಡೆ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಬೇಕು. ಎಲ್ಲ ರೈಲಿಗೂ ಇಲ್ಲ.

ಟಿಕೆಟ್ ವಿಷಯದಲ್ಲಿ ಉದಾಸೀನ ಬೇಡ

ಲೋಕಲ್ ಟಿಕೆಟ್ ಅಂದರೆ ಪ್ರಯಾಣದ ಟಿಕೆಟ್. ಇಳಿದು ಅದೇ ಟಿಕೆಟ್ ತೋರಿಸಿಕೊಂಡು ದಿನವಿಡೀ ಪ್ಲಾಟ್‌ಫಾರಂನಲ್ಲಿ ಕೂರುವುದು ಸರಿಯಲ್ಲ, ಟಿಸಿ ಕೇಳಿದರೆ ಉತ್ತರ ಇರುವುದಿಲ್ಲ. ಇಳಿದ ಮೇಲೆ ಹೊರಗೆ ಹೋಗಿ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳಿ. ಮಾಮೂಲಿ ದಿನಗಳಲ್ಲಿ ಹತ್ತು ರೂಪಾಯಿ, ಎರಡು ಗಂಟೆಗೆ ಮಾತ್ರ. ಎರಡು ಗಂಟೆ ನೋಡಿ, ಹೊರಗೆ ಹೋಗಿ ಊಟ ಮಾಡಿ, ಇನ್ನೊಂದು ತೆಗೆದುಕೊಂಡು ಮತ್ತೆ ಬನ್ನಿ. ಇಪ್ಪತ್ತು ರೂಪಾಯಿಗೆ ಇಷ್ಟು ಒಳ್ಳೆ ಆಟ ಬೇರೆಲ್ಲಿ ಸಿಗುತ್ತದೆ?

ನಿಲ್ಲಬೇಕಾದ ಜಾಗ

ಇದೇ ಈ ಲೇಖನದ ಮುಖ್ಯ ಮಾತು. ರೈಲು ನೋಡಲು ಹೋದವರು ಅಭ್ಯಾಸ ಬಲದಿಂದ ಇಂಜಿನ್ ಕಡೆ, ಅಂದರೆ ರೈಲಿನ ತಲೆಯ ಕಡೆ ಓಡುತ್ತಾರೆ. ಕರ್ಜತ್‌ನಲ್ಲಿ ಅದು ತಪ್ಪು. ಪುಣೆ ಕಡೆ ಹೋಗುವ ರೈಲಿನ ಬಾಲ ಎಲ್ಲಿ ನಿಲ್ಲುತ್ತದೋ ಅಲ್ಲಿರಬೇಕು. ಅಂದರೆ ಪ್ಲಾಟ್‌ಫಾರಂನ ಮುಂಬಯಿ ತುದಿ, ನೇರಳ್ ಕಡೆ. ಲೋಕಲ್ ಇಳಿದಾಗ ದಿಕ್ಕು ಗೊತ್ತಾಗದಿದ್ದರೆ ನೀವು ಬಂದ ಕಡೆಗೇ ವಾಪಸ್ ನಡೆಯಿರಿ.

ಆ ತುದಿಯಲ್ಲಿ ಪಕ್ಕದ ಹಳಿಗಳ ಮೇಲೆ ಎರಡು ಮೂರು ವಿದ್ಯುತ್ ಇಂಜಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಸುಮ್ನೆ ನಿಂತಿರುವುದು ಕಾಣುತ್ತದೆ. ಇವೇ ಬ್ಯಾಂಕರ್‌ಗಳು. ದುಡ್ಡಿನ ಬ್ಯಾಂಕಿಗೂ ಇವಕ್ಕೂ ಸಂಬಂಧವಿಲ್ಲ. ರೈಲನ್ನು ಹಿಂದಿನಿಂದ ದೂಡುವ ಇಂಜಿನ್‌ಗೆ ರೈಲ್ವೆಯವರು ಇಟ್ಟಿರುವ ಹೆಸರು. ಹೇರು ತುಂಬಿದ ಗಾಡಿ ಏರು ಹತ್ತುವಾಗ ಎತ್ತು ಮುಂದೆ ಎಳೆದರೆ, ನಾಲ್ಕು ಜನ ಹಿಂದೆ ನಿಂತು ಗಾಲಿಗೆ ಕೈ ಕೊಡುತ್ತಾರಲ್ಲ, ಅದೇ ಕೆಲಸ.

ಈ ಸಹಾಯ ಯಾಕೆ ಬೇಕು ಅಂದರೆ, ಭೋರ್ ಘಾಟ್‌ನ ಏರು 37ಕ್ಕೆ 1. ಪ್ರತಿ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಗೆ ಇದು ಏರೇ ಅಲ್ಲ, ಸ್ಕೂಟರ್ ಗೇರ್ ಬದಲಾಯಿಸದೆ ಹತ್ತುತ್ತದೆ. ಆದರೆ ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಜಾರುತ್ತದೆ, ಮೇಲಿಂದ ಇಪ್ಪತ್ತಕ್ಕೂ ಹೆಚ್ಚು ಬೋಗಿಯ ಭಾರ. ನಮ್ಮ ಸಕಲೇಶಪುರದ ಘಟ್ಟ 50ಕ್ಕೆ 1, ಅದಕ್ಕಿಂತ ಇದು ಕಡಿದು. ಎಲ್ಲ ಇಂಜಿನ್‌ಗಳನ್ನೂ ಮುಂದೆಯೇ ಜೋಡಿಸಿ ಎಳೆದರೆ ಆಗುವುದಿಲ್ಲವೇ ಅಂತ ನಾನೂ ಕೇಳಿದ್ದೆ. ಹಾಗೆ ಮಾಡಿದರೆ ಮೊದಲ ಬೋಗಿಯ ಕೊಂಡಿ ಮೇಲೆ ಇಡೀ ರೈಲಿನ ಭಾರ ಬೀಳುತ್ತದೆ. ಹಿಂದಿನಿಂದ ದೂಡಿದರೆ ಭಾರ ಹಂಚಿಹೋಗುತ್ತದೆ. ಎಲ್ಲಾದರೂ ಕೊಂಡಿ ಕಳಚಿದರೂ ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಓಡಿಹೋಗದಂತೆ ಬ್ಯಾಂಕರ್ ಬೆನ್ನು ಕೊಟ್ಟಿರುತ್ತದೆ.

ಈಗ ನೋಡುವ ಕ್ರಮ. ರೈಲು ಬಂದು ನಿಂತಿತು. ಕೊನೆಯ ಬೋಗಿ ನಿಮ್ಮ ಮುಂದಿದೆ. ಸಿಗ್ನಲ್ ಸಿಕ್ಕ ಕೂಡಲೇ ಬ್ಯಾಂಕರ್‌ಗಳು ಹಿಂದಿನಿಂದ ಬರುತ್ತವೆ. ಅವಸರವಿಲ್ಲ, ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗ ಅಷ್ಟೆ. ಹತ್ತಿರ ಬಂದಂತೆ ಇನ್ನೂ ನಿಧಾನ. ಕೆಳಗೆ ನಿಂತ ಸಿಬ್ಬಂದಿ ಕೈ ಸನ್ನೆ ಮಾಡುತ್ತಿರುತ್ತಾರೆ, ಅವರ ಕೈಯನ್ನೇ ನೋಡಿ. ಕೈ ನಿಂತ ಕಡೆ ಇಂಜಿನ್ ನಿಲ್ಲುತ್ತದೆ. ಠಣ್ ಅಂತ ಕೊಂಡಿ ಕಚ್ಚುತ್ತದೆ. ಕಿಟಕಿಯಲ್ಲಿ ಚಹಾ ಹಿಡಿದವರ ಕೈ ಅಲುಗುವುದು ಈ ಕ್ಷಣದಲ್ಲೇ. ಆಮೇಲೆ ಗಾಳಿ ಬ್ರೇಕಿನ ಪೈಪು ಸೇರಿಸುತ್ತಾರೆ, ಉಸ್ ಅನ್ನುವ ಸದ್ದು ಕೇಳುತ್ತದೆ. ಮುಂದಿನ ಇಂಜಿನ್‌ನಿಂದ ಹಿಂದಿನ ಬ್ಯಾಂಕರ್‌ವರೆಗೆ ಬ್ರೇಕ್ ಸರಿಯಾಗಿ ಹಿಡಿಯುತ್ತದೆಯೇ ಅಂತ ಪರೀಕ್ಷೆ ಆಗುತ್ತದೆ. ನಂತರ ಮುಂದಿನಿಂದ ಹಾರ್ನ್, ಹಿಂದಿನಿಂದ ಉತ್ತರದ ಹಾರ್ನ್. ಈ ಎರಡು ಹಾರ್ನ್ ಕೇಳಿದರೆ ನನಗೆ ಈಗಲೂ ಮೈ ಜುಮ್ಮನ್ನುತ್ತದೆ. ಇಡೀ ಕೆಲಸ ಕೆಲವೇ ನಿಮಿಷದಲ್ಲಿ ಮುಗಿದಿರುತ್ತದೆ.

ಲೋಣಾವಳಾದಲ್ಲಿ ಬ್ಯಾಂಕರ್ ಬಿಚ್ಚುತ್ತಾರೆ. ಅವು ಘಟ್ಟ ಇಳಿದು ಮತ್ತೆ ಕರ್ಜತ್‌ಗೆ ಬರುತ್ತವೆ. ದಿನಾ ಇದೇ ಹತ್ತು ಇಳಿ.

ಇಂಜಿನ್ ಮೇಲೆ ಬರೆದ ಅಕ್ಷರ ಓದಲು ಕಲಿತರೆ ಖುಷಿ ಹೆಚ್ಚುತ್ತದೆ. 'ಡಬ್ಲ್ಯೂಎಜಿ-7' ಅಂತಿದ್ದರೆ, ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಎ ಅಂದರೆ ಎಸಿ ವಿದ್ಯುತ್, ಜಿ ಅಂದರೆ ಗೂಡ್ಸ್. ಪಿ ಇದ್ದರೆ ಪ್ಯಾಸೆಂಜರ್. ಜನ ಕೂತ ರೈಲನ್ನು ದೂಡುವುದು ಬಹುತೇಕ ಗೂಡ್ಸ್ ಇಂಜಿನ್ನೇ, ಇಲ್ಲಿ ಬೇಕಿರುವುದು ವೇಗವಲ್ಲ, ಕಸುವು. ಎಲ್ಲ ರೈಲಿಗೂ ಬ್ಯಾಂಕರ್ ಬೇಕಿಲ್ಲ ಅನ್ನುವುದೂ ಗೊತ್ತಿರಲಿ. 2023ರ ಫೆಬ್ರವರಿಯಲ್ಲಿ ಶುರುವಾದ ಮುಂಬಯಿ–ಸೋಲಾಪುರ ವಂದೇ ಭಾರತ್ ತನ್ನ ಬಲದಲ್ಲೇ ಘಟ್ಟ ಹತ್ತುತ್ತದೆ. ಅದರ ಮೋಟಾರುಗಳು ರೈಲಿನ ಉದ್ದಕ್ಕೂ ಹಂಚಿಕೊಂಡಿವೆ. ನೋಡಲು ಚೆಂದ, ಆದರೆ ಬಂತು ಹೋಯಿತು ಅಷ್ಟೆ. ಬಾಲದಲ್ಲಿ ನಾಟಕವಿಲ್ಲದ ರೈಲು ನನಗೆ ಸಪ್ಪೆ.

ಘಟ್ಟ ಇಳಿದು ಬರುವ ರೈಲುಗಳಿಗಾಗಿ ಒಮ್ಮೆ ಪುಣೆ ತುದಿಗೂ ನಡೆದುಹೋಗಿ. ಗೂಡ್ಸ್ ರೈಲು ಇಳಿದು ಬಂದಾಗ ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಅಪಾಯ, ಆದ್ದರಿಂದ ಇಳಿಯುವಾಗ ವೇಗಕ್ಕೆ ಬಿಗಿ ಮಿತಿ ಇದೆ. ಬ್ರೇಕ್ ತಪ್ಪಿದ ರೈಲನ್ನು ಬೇರೆ ಹಳಿಗೆ ತಿರುಗಿಸಿ ತಡೆಯಲು ಘಟ್ಟದಲ್ಲಿ ಪಕ್ಕದ ಏರುಹಳಿಗಳನ್ನೂ ಹಾಕಿಟ್ಟಿದ್ದಾರೆ.

ಫೋಟೋ, ವಿಡಿಯೋ

ಬೆಟ್ಟ ಇರುವುದು ಊರಿನ ಪೂರ್ವಕ್ಕೆ. ಬೆಳಗ್ಗೆ ಬೆಟ್ಟ ಹಿನ್ನೆಲೆಯಾಗಿ ತೆಗೆದರೆ ಬಿಸಿಲು ಎದುರಿಗೆ ಬೀಳುತ್ತದೆ, ಎಲ್ಲ ಕಪ್ಪು. ಮಧ್ಯಾಹ್ನ ಮೂರರ ನಂತರ ಅದೇ ಬೆಟ್ಟ ಹೊಳೆಯುತ್ತದೆ. ಬ್ಯಾಂಕರ್ ಕೊಂಡಿ ಹಾಕುವುದನ್ನು ಫೋಟೋಗಿಂತ ವಿಡಿಯೋ ಮಾಡಿ. ಅದರ ಜೀವ ಇರುವುದೇ ಸದ್ದಿನಲ್ಲಿ.

ಸ್ವಂತ ಖುಷಿಗೆ ಪ್ಲಾಟ್‌ಫಾರಂನಿಂದ ಫೋನಿನಲ್ಲಿ ತೆಗೆದರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ದೊಡ್ಡ ಲೆನ್ಸ್ ತಂದರೆ ಆರ್‌ಪಿಎಫ್‌ನವರು, ಅಂದರೆ ರೈಲ್ವೆ ರಕ್ಷಣಾ ಪಡೆಯವರು, ಬಂದು ಕೇಳಬಹುದು. ವಾದಕ್ಕೆ ನಿಲ್ಲಬೇಡಿ. ಟಿಕೆಟ್ ತೋರಿಸಿ, ಏನು ಮಾಡುತ್ತಿದ್ದೀರಿ ಅಂತ ಹೇಳಿ, ಬೇಡ ಅಂದರೆ ಒಳಗಿಡಿ. ಹಣ ಮಾಡುವ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಸಿಬ್ಬಂದಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಒಂದು ಮಾತು ಕೇಳಿ. ಕೊಂಡಿ ಹಾಕುವವರು ಎರಡು ಉಕ್ಕಿನ ಬೆಟ್ಟಗಳ ನಡುವೆ ಕೈ ಹಾಕಿ ಕೆಲಸ ಮಾಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಕರೆಯುವುದು, ಫ್ಲಾಶ್ ಹಾಕುವುದು ಬೇಡವೇ ಬೇಡ.

ಹಳಿಗೆ ಇಳಿಯಬಾರದು. ಎಲ್ಲರಿಗೂ ಗೊತ್ತಿದೆ, ಆದರೂ ಇನ್ನು ಎರಡು ಹೆಜ್ಜೆ ಮುಂದೆ ಹೋದರೆ ಒಳ್ಳೆ ಕೋನ ಸಿಗುತ್ತದೆ ಅಂತ ಪ್ಲಾಟ್‌ಫಾರಂ ತುದಿಯ ಇಳಿಜಾರಿನಲ್ಲಿ ಇಳಿದುಬಿಡುತ್ತಾರೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಘಟ್ಟದ ಸುರಂಗಗಳ ಕಡೆ ಹಳಿ ಹಿಡಿದು ನಡೆಯುವ ಚಾರಣವೂ ಇದೇ ಲೆಕ್ಕ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಮೇಲ್ಸೇತುವೆ ಮೇಲೆ ನಿಂತು ಸೆಲ್ಫಿ ಕೋಲು, ಛತ್ರಿ ಹೊರಗೆ ಚಾಚಬೇಡಿ. ಆ ತಂತಿಯನ್ನು ಮುಟ್ಟಬೇಕಿಲ್ಲ, ಹತ್ತಿರ ಹೋದರೂ ಸಾಕು.

ರೈಲು ಇಲ್ಲದ ಹೊತ್ತಿಗೆ ಹೊಟ್ಟೆ, ಕಥೆ

ದಿವಾಡ್ಕರ್ ವಡಾಪಾವ್ ಇಲ್ಲಿನ ಹಳೆ ಹೆಸರು. ಮುಂಬಯಿ–ಪುಣೆ ನಡುವೆ ಓಡಾಡುವವರು ಕರ್ಜತ್ ಬಂತು ಅಂದರೆ ಮೊದಲು ಅದನ್ನೇ ನೆನೆಯುವುದು. ಬಿಸಿಯಾಗಿದ್ದಾಗಲೇ ತಿನ್ನಿ. ರೈಲು ನಿಂತಾಗ ಕೊಳ್ಳಲು ಹೋಗಬೇಡಿ, ಆಗ ನೂರು ಕೈ ಚಾಚಿರುತ್ತವೆ. ಮೇಲಾಗಿ ನೀವು ಬಾಲದ ಕಡೆ ಇರಬೇಕಲ್ಲ.

ತಿನ್ನುತ್ತಾ ಕೂತಾಗ ಎದುರಿನ ಬೆಟ್ಟ ನೋಡಿ. 1856ರಲ್ಲಿ ರೈಲು ಬಂದದ್ದು ಘಟ್ಟದ ಬುಡದ ಖೋಪೋಲಿವರೆಗೆ ಮಾತ್ರ. 1858ರಲ್ಲಿ ಮೇಲೆ ಖಂಡಾಳಾ–ಪುಣೆ ನಡುವೆ ರೈಲು ಶುರುವಾಯಿತು. ನಡುವಿನ ಘಟ್ಟ ಮಾತ್ರ ಹಾಗೇ ಉಳಿದಿತ್ತು. ಜನ ಕೆಳಗೆ ಇಳಿದು, ಪಲ್ಲಕ್ಕಿಯಲ್ಲೋ ಕುದುರೆ ಮೇಲೋ ಬೆಟ್ಟ ಹತ್ತಿ, ಮೇಲೆ ಇನ್ನೊಂದು ರೈಲು ಹಿಡಿಯುತ್ತಿದ್ದರು. ಘಟ್ಟದ ಹಳಿ ಮುಗಿದದ್ದು 1863ರಲ್ಲಿ. ಕಾಮಗಾರಿ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆ ಬಿಡಲಿಲ್ಲ, ಎಂಜಿನಿಯರುಗಳನ್ನು ಇಟ್ಟುಕೊಂಡು ಕೆಲಸ ನಡೆಸಿದಳು. ಆ ಬೆಟ್ಟದಲ್ಲಿ ಕಾಲರಾಕ್ಕೆ, ಬಂಡೆಗೆ, ಮಳೆಗೆ ಸತ್ತ ಕೂಲಿಗಳು ಸಾವಿರಾರು. ಅವರ ಹೆಸರು ಎಲ್ಲೂ ಇಲ್ಲ.

ಮೊದಲಿನ ದಾರಿಯಲ್ಲಿ ಖಂಡಾಳಾದ ಕೆಳಗೆ ರೈಲು ಒಂದು ಬಂಡೆಯ ಅಂಚಿನ ತನಕ ಹೋಗಿ ನಿಂತು, ಇಂಜಿನ್ನನ್ನು ಇನ್ನೊಂದು ತುದಿಗೆ ಹಾಕಿಕೊಂಡು, ಹಿಂದುಮುಂದಾಗಿ ಏರುತ್ತಿತ್ತು. 1929ರಲ್ಲಿ ಹೊಸ ದಾರಿ ಮಾಡಿ ಅದನ್ನು ಬಿಟ್ಟರು. ಆಗಲೇ ವಿದ್ಯುತ್ತೂ ಬಂತು. ಮುಂದಿನ ವರ್ಷ, 1930ರ ಜೂನ್ 1ರಂದು, ಮುಂಬಯಿ–ಪುಣೆ ನಡುವಿನ ಡೆಕ್ಕನ್ ಕ್ವೀನ್ ರೈಲು ಶುರು. ಅದು ಈಗಲೂ ಸಂಜೆ 5:10ಕ್ಕೆ ಸಿಎಸ್‌ಎಂಟಿ ಬಿಟ್ಟು ಆರೂವರೆ ಕಳೆದ ಮೇಲೆ ಕರ್ಜತ್ ಮುಟ್ಟುತ್ತದೆ. ಬೇಸಿಗೆಯಲ್ಲಿ ಬೆಳಕಿರುತ್ತದೆ, ಚಳಿಗಾಲದಲ್ಲಿ ಕತ್ತಲು. ಆ ಕಾಲದಲ್ಲಿ ಘಟ್ಟದಲ್ಲಿ ದುಡಿದ ಉದ್ದ ಮೂತಿಯ ಇಂಜಿನ್‌ಗಳಿಗೆ ಇಲ್ಲಿನವರು 'ಖೇಕಡಾ', ಅಂದರೆ ಏಡಿ ಅಂತ ಹೆಸರಿಟ್ಟಿದ್ದರು. ಅಂಥದ್ದೊಂದು ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ.

ಸಮಯ ಉಳಿದರೆ

ಖೋಪೋಲಿ ಲೋಕಲ್ ಹತ್ತಿ ಒಂದೇ ನಿಲ್ದಾಣ ಮುಂದೆ ಹೋಗಿ, ಪಳಸ್‌ದರಿ. ಖೋಪೋಲಿ ಹಳಿ ಘಟ್ಟದ ಹಳಿಯಿಂದ ಬೇರೆಯಾಗುವುದು ಇಲ್ಲೇ. ಸದ್ದಿಲ್ಲದ ಊರು. ಆದರೆ ಈ ಕವಲಿನಲ್ಲಿ ಲೋಕಲ್‌ಗಳು ವಿರಳ, ವಾಪಸ್ ಸಮಯ ನೋಡದೆ ಇಳಿಯಬೇಡಿ.

ಮಕ್ಕಳಿದ್ದರೆ ನೇರಳ್‌ನಲ್ಲಿ ಇಳಿದು ಮಾಥೇರಾನ್ ಗಿರಿಧಾಮದ ಪುಟಾಣಿ ರೈಲು ಹತ್ತಬಹುದು. 1907ರದ್ದು, ಎರಡು ಅಡಿ ಅಗಲದ ಹಳಿ, 21 ಕಿಲೋಮೀಟರ್. ಮಳೆಗಾಲದಲ್ಲಿ ನೇರಳ್‌ನಿಂದ ಮಾಥೇರಾನ್‌ಗೆ ಮುಂಚಿನ ಅಮನ್ ಲಾಡ್ಜ್ ನಿಲ್ದಾಣದವರೆಗೆ ಅದು ಓಡುವುದಿಲ್ಲ. ಎರಡನ್ನೂ ಒಂದೇ ದಿನ ತುರುಕಿದರೆ ಯಾವುದೂ ಸರಿಯಾಗಿ ಆಗುವುದಿಲ್ಲ, ನಾನು ಮಾಡಿ ಕೆಟ್ಟಿದ್ದೇನೆ.

ಇನ್ನೊಂದು ಮಾತು. ಮುಂಬಯಿಯಿಂದ ಊರಿಗೆ ಹೊರಟಾಗ ಬ್ಯಾಂಕರ್ ಇರುವ ರೈಲು ಹತ್ತಿದ್ದರೆ, ಕರ್ಜತ್‌ನಲ್ಲಿ ಎರಡೂ ಕಡೆ ನೋಡಿಕೊಂಡು ಕೊನೆಯ ಬೋಗಿಯ ಕಡೆ ನಡೆಯಿರಿ. ರೈಲು ಹೊರಡುವ ಮುಂಚೆ ಒಳಗೆ ಹತ್ತಿಬಿಡಿ, ಬಾಗಿಲಲ್ಲಿ ಜೋತು ಬೀಳಬೇಡಿ. ಕಿಟಕಿ ಪಕ್ಕ ಕೂತರೆ ಪಳಸ್‌ದರಿ ದಾಟಿದ ಮೇಲೆ ಹಿಂದಿನ ಇಂಜಿನ್‌ಗಳ ಗುಂಯ್‌ಗುಡುವಿಕೆ ಸ್ಪಷ್ಟವಾಗಿ ಕೇಳುತ್ತದೆ. ಎಡಕ್ಕೆ ತಿರುವು ಬಂದಾಗ ಎಡ ಕಿಟಕಿಯಲ್ಲಿ, ಬಲಕ್ಕೆ ಬಂದಾಗ ಬಲ ಕಿಟಕಿಯಲ್ಲಿ ಅವು ಕಾಣುತ್ತವೆ. ಲೋಣಾವಳಾದಲ್ಲಿ ಚಿಕ್ಕಿ ಮಾರುವವರು ಬರುವಷ್ಟರಲ್ಲಿ ಅವು ಕೊಂಡಿ ಬಿಚ್ಚಿಸಿಕೊಂಡು ಹಿಂದೆ ಸರಿದಿರುತ್ತವೆ.